ಗಂಗವ್ವನ ಹೊಲಕ್ಕೆ ಹೋಗುವ ದಾರಿ

ಸಕ್ಕರೆ ಕಾರ್ಖಾನೆಯ ಕಬ್ಬು ವಿಭಾಗಕ್ಕೆ ಈ ಸಲ ಹೊಸದಾಗಿ ಸೇರಿದ ಹುಡುಗರು ಮೊನ್ನೆ ಬೈಲಹೊಂಗಲದ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. "ಫೀಲ್ಡಮನ್ ಕೆಲಸ ಅಂದ್ರ ಖರೇ ಏನಿರ್ತದ್ರಿ ಸರ್?" ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಒಬ್ಬನ ಮೊಬೈಲು ಬಡಿದುಕೊಂಡಿತು, ಅವನದು ಮುಗಿಯುವಷ್ಟರಲ್ಲಿ ಇನ್ನೊಬ್ಬನದು. ನನಗೆ ಮೊದಲಿನಿಂದಲೂ ಸಿಟ್ಟು ಮೂಗಿನ ತುದಿಯಲ್ಲೇ. ಚಹಾ ಕುಡಿಸಿ, ಹೋಗಿ ಬರ್ರಿ ಎಂದು ಕಳಿಸಿಬಿಟ್ಟೆ. ಆಮೇಲೆ ಪಾಪ ಅನ್ನಿಸಿತು, ಅಷ್ಟು ದೂರದಿಂದ ಬಂದಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಓದುವಾಗಲಾದರೂ ಮೊಬೈಲು ಬದಿಗಿಡಿ.

ಹೊರಗಿನಿಂದ ನೋಡಿದರೆ ನಮ್ಮ ಕೆಲಸ ಬಹಳ ಸರಳ. ಯಾರ ಹೊಲದಲ್ಲಿ ಎಷ್ಟು ಕಬ್ಬಿದೆ ನೋಡುವುದು, ಪಾಳಿ ಹಚ್ಚುವುದು, ಪಾಳಿ ಬಂದವರಿಗೆ ಕಟಾವಿನ ಚೀಟಿ ಕೊಟ್ಟು ಕಡಿಯುವ ಗ್ಯಾಂಗನ್ನು ಕಳಿಸುವುದು, ಕಡಿದ ಕಬ್ಬು ಒಣಗುವ ಮೊದಲು ಕಾರ್ಖಾನೆ ಸೇರುವಂತೆ ನೋಡಿಕೊಳ್ಳುವುದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಕಡೆ ಮೋಟಾರ್ ಸೈಕಲ್ ಮೇಲೆ ಸೊಂಟ ಸವೆಸಿಕೊಂಡು ನಾನು ಕಲಿತದ್ದು ಬೇರೆಯೇ. ಫೀಲ್ಡಮನ್ನನ ಕೆಲಸದಲ್ಲಿ ಮುಕ್ಕಾಲು ಪಾಲು, ಯಾರು ಯಾರ ನೆಲ ದಾಟಬಹುದು ಎಂಬ ಜಗಳ ಬಿಡಿಸುವುದು. ಉಳಿದ ಕಾಲು ಪಾಲು ಕಬ್ಬು.

ಯಾಕೆಂದರೆ ಕಡಿಯುವವರು ಈ ಊರುಗಳವರಲ್ಲ. ದಸರಾ ಮುಗಿಯುತ್ತಲೇ ಮಹಾರಾಷ್ಟ್ರದ ಲಾತೂರು, ಬೀಡ ಕಡೆಯಿಂದ ಗಂಡ ಹೆಂಡತಿ ಜೋಡಿಯಾಗಿ, ಮಕ್ಕಳು, ಕೋಳಿ, ಪಾತ್ರೆ ಪರಟಿ ಎಲ್ಲ ಟ್ರ್ಯಾಕ್ಟರಿನ ಮೇಲೆ ಹೇರಿಕೊಂಡು ಬರುತ್ತಾರೆ. ಅವರ ಮುಂದಾಳಿಗೆ ಮುಕಾದಮ ಅನ್ನುತ್ತಾರೆ. ಊರ ಹೊರಗೆ ದನ ಮೇಯುವ ಗಾಯರಾಣದಲ್ಲಿ ಕಬ್ಬಿನ ಸೋಗೆಯ ಗುಡಿಸಲು ಹಾಕಿಕೊಂಡು ಇರುತ್ತಾರೆ. ಯುಗಾದಿ ಹೊತ್ತಿಗೆ ಗುಡಿಸಲು ಕಿತ್ತು ಹೊರಡುತ್ತಾರೆ. ಹಾಗಾದರೆ ನಮ್ಮವರು ಎಲ್ಲಿ ಹೋದರು ಅಂತೀರಾ? ನಮ್ಮವರು ಗೋವಾದಲ್ಲಿ ಗೋಡೆ ಕಟ್ಟುತ್ತಿರುತ್ತಾರೆ, ಪುಣೆಯಲ್ಲಿ ರಸ್ತೆ ಮಾಡುತ್ತಿರುತ್ತಾರೆ. ಅಲ್ಲಿ ಅವರು ಹೊರಗಿನವರು, ಇಲ್ಲಿ ಇವರು.

ಸುರೇಬಾನದ ಹತ್ತಿರ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಕಬ್ಬು ಆಳೆತ್ತರ ಬೆಳೆದ ಮೇಲೆ ಎರಡು ಹೊಲಗಳ ನಡುವಿನ ಬದು ಕಾಣುವುದಿಲ್ಲ. ಆ ಕಡೆಯೂ ಹಸಿರು, ಈ ಕಡೆಯೂ ಹಸಿರು. ಕಡಿಯುವವರು ತಲೆ ಬಗ್ಗಿಸಿ ಕಡಿಯುತ್ತಾ ಹೋದವರು ಪಕ್ಕದವನ ಹೊಲದ ಎರಡು ಸಾಲನ್ನೂ ಮಲಗಿಸಿಬಿಟ್ಟರು. ಅದು ಅವನು ಬೀಜಕ್ಕೆಂದು ಜೋಪಾನ ಮಾಡಿದ್ದ ಕಬ್ಬು. ಆ ಇಬ್ಬರು ರೈತರಿಗೆ ಮೊದಲೇ ಮಾತಿರಲಿಲ್ಲ, ಅವತ್ತು ಮಾತು ಶುರುವಾಯಿತು. ಎಂಥ ಮಾತು ಅಂತ ಇಲ್ಲಿ ಬರೆಯಲಾರೆ. ನಾನು ಮುಕಾದಮನ ಮೇಲೆ ಹರಿಹಾಯ್ದರೆ ಅವನು ಕುಡುಗೋಲು ಒರೆಸಿಕೊಳ್ಳುತ್ತಾ ತಣ್ಣಗೆ ಹೇಳಿದ: "ಸಾಹೇಬ, ಕಬ್ಬಿಗಿ ಮಾಲಕ ಯಾರಂತ ಕಬ್ಬಿಗೇನ ಗೊತ್ತ?" ಸಿಟ್ಟಿನಲ್ಲೂ ನಗು ಬಂತು. ಅಂದಿನಿಂದ ನಾನು ಗ್ಯಾಂಗ್ ಇಳಿಸುವ ಮೊದಲು ಹೊಲದ ಒಳಹೊಕ್ಕು ಬದು ಹುಡುಕಿ, ತುದಿಗೆ ಒಂದು ಬಟ್ಟೆ ತುಂಡು ಕಟ್ಟಿಸುವುದನ್ನು ರೂಢಿ ಮಾಡಿಕೊಂಡೆ. ಈಗ ನಿಮ್ಮ ಮೊಬೈಲಿನಲ್ಲೇ ಹೊಲದ ಗೆರೆ ಮೂಡುತ್ತದಂತೆ. ಮೂಡಲಿ. ಆದರೂ ಒಮ್ಮೆ ಒಳಗೆ ಹೋಗಿ ಕಾಲಿನಿಂದ ಮುಟ್ಟಿ ನೋಡಿ. ಎರಡೂ ಕಡೆಯವರು ವರ್ಷವರ್ಷ ಕೆತ್ತಿ ಕೆತ್ತಿ ಬದು ಎಷ್ಟು ಸಣ್ಣದಾಗಿರುತ್ತದೆಂದರೆ, ಯಾವ ಯಂತ್ರಕ್ಕೂ ಅದು ಸಿಗಲಿಕ್ಕಿಲ್ಲ.

ಇನ್ನು ಗಡಿ ಗಲಾಟೆ. ನಮ್ಮ ಕಡೆ ನೌಕರಿ ಮಾಡಿದವರಿಗೆ ಇದು ಗೊತ್ತು. ಯಾರೋ ಎಲ್ಲೋ ಏನೋ ಭಾಷಣ ಮಾಡುತ್ತಾರೆ, ಆ ಕಡೆ ಬಸ್ಸಿಗೆ ಮಸಿ, ಈ ಕಡೆ ಬಸ್ಸಿಗೆ ಕಲ್ಲು. ಒಂದು ಹಂಗಾಮಿನಲ್ಲಿ ಹಾಗಾದಾಗ ನಮ್ಮ ಗ್ಯಾಂಗಿನ ಟ್ರ್ಯಾಕ್ಟರುಗಳೆಲ್ಲ ಗಡಿಯ ಆಚೆ ಒಂದು ಧಾಬಾದ ಮುಂದೆ ನಿಂತವು. ಮಾಡುವುದೇನು? ಮುಕಾದಮರು ಆಚೆಯ ಹೊಲವೊಂದರಿಂದ ಹಸಿ ಸೋಗೆ ತಂದು ನಂಬರ್ ಪ್ಲೇಟಿನ ಮೇಲೆ ಇಳಿಬಿಟ್ಟು, ಈ ಕಡೆಯ ಕಬ್ಬಿನ ಗಾಡಿಗಳ ನಡುವೆ ಒಂದೊಂದಾಗಿ ನುಸುಳಿ ಬಂದರು. ನಾನು ಹೋಗಿ ನೋಡಿದರೆ ಹೆಂಗಸರೆಲ್ಲ ಟ್ರಾಲಿಯಲ್ಲಿ ಸೋಗೆ ಹೊದ್ದು ಕೂತಿದ್ದಾರೆ. ಅವರೊಳಗಿಂದ ಒಬ್ಬಳು ತಲೆ ಎತ್ತಿ, "ಬಂತ್ರಿ ಕರ್ನಾಟಕ?" ಎಂದಳು. ಅವಳೇ ರುಕ್ಮಾ. ಅವಳ ಗಂಡನ ಹೆಸರು ದಗಡೂ. ವರ್ಷಾನುಗಟ್ಟಲೆ ಬಂದು ಹೋಗಿ ರುಕ್ಮಾಳಿಗೆ ನಮ್ಮ ಮಾತು ಚೆನ್ನಾಗಿ ಬರುತ್ತಿತ್ತು. ದಗಡೂಗೆ ಮರಾಠಿಯೂ ಅಷ್ಟಕ್ಕಷ್ಟೇ, ಅಂಥ ಮೌನಿ.

ಆ ದಿನಗಳಲ್ಲಿ ನಮ್ಮ ಕಬ್ಬು ಅಧಿಕಾರಿ ದೇಸಾಯಿ ಸಾಹೇಬರು. ನನಗೆ ಸಿಕ್ಕ ಮೇಲಧಿಕಾರಿಗಳಲ್ಲಿ ಬೈದದ್ದನ್ನು ಸಂಜೆಗೆ ಮರೆಯುತ್ತಿದ್ದವರು ಇವರೊಬ್ಬರೇ. ಓದುವ ಹುಚ್ಚು. ಗಡಿ ಗಲಾಟೆಯ ದಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ ಅವರು ಒಂದು ಪಂಥದ ವಿಚಾರ ಹೇಳಿದರು. ಅವರು ಸ್ವಾತಂತ್ರ್ಯವಾದಿಗಳಂತೆ, ಮನುಷ್ಯನ ಸ್ವಾತಂತ್ರ್ಯಕ್ಕಿಂತ ದೊಡ್ಡದು ಯಾವುದೂ ಇಲ್ಲ ಅನ್ನುವವರು.

"ನೋಡ ಈರಣ್ಣ," ಅಂದರು. "ಒಬ್ಬ ಕೆಲಸ ಕೊಡತೇನಿ ಅಂತಾನ, ಇನ್ನೊಬ್ಬ ಮಾಡತೇನಿ ಅಂತಾನ. ಒಬ್ಬ ಇರಾಕ ಜಾಗಾ ಕೊಡತೇನಿ ಅಂತಾನ, ಇನ್ನೊಬ್ಬ ಇರತೇನಿ ಅಂತಾನ. ಇಬ್ಬರಿಗೂ ಒಪ್ಪಿಗಿ ಐತಿ. ನಡುವ ಬಡಿಗಿ ಹಿಡಕೊಂಡು ನಿಂತು, ನೀ ಆ ಕಡಿಯಾಂವ, ಬರಬ್ಯಾಡ ಅನ್ನಾಕ ಮೂರನೇದಾಂವ ಯಾರು? ಸರಕಾರ ಆಗಲಿ, ಊರ ಆಗಲಿ. ದೇಶದ ಗಡೀನೂ ಹಂಗ ತೆರೆದಿರಬೇಕಂತ ಅವ್ರ ವಾದ."

ನನಗೆ ಇದು ಬಹಳ ಹಿಡಿಸಿತು. ಸೋಗೆ ಹೊದ್ದು ಕೂತಿದ್ದ ಹೆಂಗಸರನ್ನು ಅದೇ ತಾನೇ ನೋಡಿ ಬಂದಿದ್ದೆನಲ್ಲ. ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾ ತಿರುಗಿದೆ. ಅದು ಎಷ್ಟು ದೂರ ನಡೆಯುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂದು ತಿಳಿದದ್ದು ಗಂಗವ್ವನ ಹೊಲದ ದಾರಿಯಲ್ಲಿ.

ಸಂಪಗಾಂವ ದಾಟಿ ದೊಡವಾಡದ ಕಡೆ ಹೋಗುವಾಗ ಒಳಗೊಂದು ಊರು. ಹೆಸರು ಬೇಡ, ಅಲ್ಲಿಯವರು ಈಗಲೂ ನನಗೆ ಬೇಕಾದವರೇ. ಗಂಗವ್ವ ಆ ಊರಿನ ರೈತ ಹೆಂಗಸು. ಗಂಡ ತೀರಿಕೊಂಡ ಮೇಲೆ ಹೊಲ ಲಾವಣಿಗೆ ಹಾಕು, ಗುತ್ತಿಗೆಗೆ ಕೊಡು ಎಂದವರಿಗೆ ಬಾಗಿಲು ತೋರಿಸಿ, ತಾನೇ ಕಬ್ಬು, ಉಳ್ಳಾಗಡ್ಡಿ ಬೆಳೆದುಕೊಂಡು ಗಟ್ಟಿಯಾಗಿ ನಿಂತಿದ್ದಳು. ಬಾಯಿ ಜೋರು. ಅವಳ ಹೊಲ ಹಿಂದುಗಡೆ, ಕಾಲುವೆಗೆ ಹತ್ತಿಕೊಂಡು ಇದೆ. ಅಲ್ಲಿಗೆ ಹೋಗಲು ಮುಂದಿನ ಹೊಲದ ಅಂಚಿನಲ್ಲಿ ಹಾಯುವ ಚಕ್ಕಡಿ ದಾರಿ ಒಂದೇ. ಆ ಮುಂದಿನ ಹೊಲ ಬಾಳಪ್ಪನದು. ಬಾಳಪ್ಪ ಗಂಗವ್ವನ ಗಂಡನಿಗೆ ಅಣ್ಣತಮ್ಮಂದಿರ ಮನೆತನದವನು, ಅವಳನ್ನು ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದ. ಒಳ್ಳೆಯ ಮನುಷ್ಯ. ಅವಳ ಗಂಡ ಹೋದ ಮೇಲೆ ಎಳ್ಳ ಅಮವಾಸ್ಯೆಗೆ ಅವಳ ಹೊಲಕ್ಕೆ ಹಬ್ಬದ ಎಡೆಯಾದ ಚರಗವನ್ನೂ ಅವನೇ ಚೆಲ್ಲಿಕೊಡುತ್ತಿದ್ದ.

ಆ ವರ್ಷ ಊರವರು ಚಾವಡಿಯಲ್ಲಿ ಸೇರಿ, ಗಾಯರಾಣದಲ್ಲಿ ಕಬ್ಬು ಕಡಿಯುವವರು ಗುಡಿಸಲು ಹಾಕಬಾರದೆಂದು ಮಾತು ಮಾಡಿಕೊಂಡರು. ಗಡಿ ಗಲಾಟೆಯ ಬಿಸಿ ಇನ್ನೂ ಆರಿರಲಿಲ್ಲ. ಅದರ ಮೇಲೆ ಯಾರದೋ ಪಂಪ್ ಸೆಟ್ಟಿನ ವೈರು ಕಳುವಾಗಿತ್ತು. ಯಾರು ಕದ್ದರೋ, ಹೆಸರು ಬಂದದ್ದು ಗುಡಿಸಲಿನವರಿಗೆ. ಊರ ಟಾಕಿಯ ನೀರು ಸಾಲುತ್ತಿಲ್ಲ ಎಂಬ ಮಾತೂ ಇತ್ತು, ಅದು ಮಾತ್ರ ನಿಜವೇ. ಕಾರ್ಖಾನೆಯವರು ನನ್ನನ್ನು ಸಮಾಧಾನ ಮಾಡಲು ಕಳಿಸಿದರು.

"ಕಡೀಲಿ, ನಾವ ಬ್ಯಾಡ ಅನ್ನೂದಿಲ್ಲ. ಆದ್ರ ಇಲ್ಲೇ ಇರೂದು ಬ್ಯಾಡ," ಅಂದರು ಹಿರಿಯರು.

"ಮತ್ತ ಎಲ್ಲಿ ಇರಬೇಕ್ರಿ ಅವ್ರು? ಗಿಡದ ಮ್ಯಾಲೇನು?" ಅಂದೆ.

ಕಟ್ಟೆಯ ತುದಿಯಲ್ಲಿ ನಿಂತಿದ್ದ ಗಂಗವ್ವ ಸೆರಗು ಸರಿ ಮಾಡಿಕೊಂಡು, "ನನ್ನ ಹೊಲದಾಗ ಇರಲಿ," ಅಂದಳು. "ಅಷ್ಟ ಅಲ್ಲ, ಕೇಳ್ರಿ. ಹಂಗಾಮ ಮುಗದ ಮ್ಯಾಲೆ ಉಳಿದವ್ರು ಹೋಗಲಿ. ವರ್ಷಾ ನನ್ನ ಕಬ್ಬ ಕಡಿಯೋ ರುಕ್ಮಾ, ದಗಡೂ ನನ್ನ ಹೊಲದಾಗ ಕಾಯಂ ಇರತಾರ. ನಾ ಏನ್ ಧರ್ಮಾ ಮಾಡಾಕತ್ತಿಲ್ಲ. ನನಗ ಕೈ ಬೇಕು, ಅವ್ರಿಗೆ ನೆಲಿ ಬೇಕು. ಹೊಲ ನಂದು, ನಾ ಕರದೇನಿ. ಯಾರದೇನ ಗಂಟ ಹೋತು?"

ನನಗೆ ದೇಸಾಯಿ ಸಾಹೇಬರ ಪುಸ್ತಕವೇ ಸೀರೆ ಉಟ್ಟು ಬಂದಂತಾಯಿತು. ಖುಷಿಯಾಗಿ ತಲೆ ಆಡಿಸಿದೆ.

ಆದರೆ ಹೊಲದ ಕೂಲಿಗೆ ಹೋಗುವ ಕಲ್ಲವ್ವ ಅಲ್ಲೇ ಕೆಳಗೆ ಕೂತಿದ್ದಳು. "ಅಲ್ರೀ ಸಾಹೇಬ್ರ, ಇವ್ರು ಮಳಿಗಾಲಕ್ಕೂ ಇಲ್ಲೇ ಇದ್ರ ಕಳೆ ತಗ್ಯಾಕ ನಮ್ಮನ್ನ ಯಾರ ಕರೀತಾರ? ನಮಗ ಬ್ಯಾರೆ ಊರ ಐತೇನು?" ಅಂದಳು. ಆಡಿಸುತ್ತಿದ್ದ ನನ್ನ ತಲೆ ಅಲ್ಲೇ ನಿಂತಿತು.

ರುಕ್ಮಾಳನ್ನು ನಾನು ಬೇರೆಯಾಗಿ ಕೇಳಿದ್ದೆ: ಇಲ್ಲಿ ಇಷ್ಟು ಮಂದಿ ಬೇಡ ಅನ್ನುವಾಗ ಇರುವ ಹಟ ಯಾಕೆ, ಊರಿಗೆ ಹೋಗಬಾರದೇ ಎಂದು. ಅವಳು ಕಬ್ಬಿನ ಹೊರೆ ಕಟ್ಟುತ್ತಲೇ ಹೇಳಿದಳು: "ಊರಾಗ ಮನಿ ಐತಿ ಸಾಹೇಬ್ರ, ಕೆಲಸಿಲ್ಲ. ಕೆಲಸಿದ್ದಲ್ಲಿ ಮನಿ ಇಲ್ಲ. ಎಲ್ಲಾರೂ ನಮಗ ಬಾ ಅಂತಾರ, ಆಮ್ಯಾಲ ಹೋಗು ಅಂತಾರ. ಲಗ್ನ ಆದಾಗಿಂದ ನಾ ಯಾರಿಗೂ ಬರ್ರಿ ಅಂದಿಲ್ಲ. ಗಾಯರಾಣದಾಗ ಕುಂತು ಯಾರಿಗೆ ಬರ್ರಿ ಅನ್ಲಿ?" ಹೇಳಿ ಹೊರೆಯ ಮೇಲೆ ಮೊಣಕಾಲು ಊರಿ ಬಿಗಿದಳು.

ಗ್ಯಾಂಗು ಗಂಗವ್ವನ ಹೊಲದ ಮೂಲೆಯಲ್ಲಿ ಗುಡಿಸಲು ಹಾಕಿತು. ಮರುದಿನ ಹೋಗಿ ನೋಡಿದರೆ ಚಕ್ಕಡಿ ದಾರಿಯ ಬಾಯಿಗೆ ಜಾಲಿ ಮುಳ್ಳಿನ ಕಂಟಿ ಒಟ್ಟಿದೆ. ಪಕ್ಕದಲ್ಲಿ ಬಾಳಪ್ಪ ಬೀಡಿ ಸೇದುತ್ತಾ ಕೂತಿದ್ದಾನೆ.

"ವೈನಿ ಹೋಗಲಿ, ಅಕಿ ಎತ್ತು ಹೋಗಲಿ, ನಾನ ಸರಸಿ ಬಿಡತೇನಿ," ಅಂದ. "ಅಕಿ ಹೊಲ ಅಕೀದು, ಯಾರನರ ಕರಕೋಲಿ. ಈ ದಾರಿ ನನ್ನ ಹೊಲದಾಗಿಂದು. ಇಲ್ಲಿ ಯಾರ ಹಾಯಬೇಕು ಅಂತ ನಾ ಹೇಳತೇನಿ. ತಪ್ಪೇನ್ರಿ?"

ತಪ್ಪೆಲ್ಲಿದೆ? ಗಂಗವ್ವ ಹೇಳಿದ್ದೂ ಅದೇ ಮಾತು, ಇವನದೂ ಅದೇ ಮಾತು. ಮಾಲೀಕರು ಇಬ್ಬರು, ಅಷ್ಟೇ ವ್ಯತ್ಯಾಸ. ನನ್ನ ತಲೆ ಕೆಟ್ಟುಹೋಯಿತು. ಸೀದಾ ಕಾರ್ಖಾನೆಗೆ ಹೋಗಿ ದೇಸಾಯಿ ಸಾಹೇಬರನ್ನು ಮೋಟಾರ್ ಸೈಕಲ್ ಹಿಂದೆ ಕೂರಿಸಿಕೊಂಡು ಬಂದೆ. ಅವರು ಬಾಳಪ್ಪನ ಪಕ್ಕ ಬದುವಿನ ಮೇಲೇ ಕೂತು, ದುಡಿಯುವವರ ಹಕ್ಕು, ಕರೆಯುವವರ ಹಕ್ಕು ಎಲ್ಲ ಸಮಾಧಾನವಾಗಿ ಹೇಳಿದರು. ಬಾಳಪ್ಪ ಬೀಡಿ ಆರುವ ತನಕ ಕೇಳಿಸಿಕೊಂಡ.

"ಸಾಹೇಬ್ರ, ನಾ ಭಾಳ ವರ್ಷ ಗೋವಾದಾಗ ಗ್ವಾಡಿ ಕಟ್ಟೋ ಗೌಂಡಿ ಕೆಲಸ ಮಾಡೇನಿ," ಅಂದ. "ಅಲ್ಲಿ ನಮಗ ಘಾಟಿ ಅಂತಿದ್ರು, ಘಟ್ಟದ ಮ್ಯಾಲಿನವ್ರು ಅಂತ. ಒಬ್ಬ ಮಾಲಕ ತನ್ನ ತೆಂಗಿನ ತ್ವಾಟದಾಗ ಇರ್ರೋ ಅಂದ. ತಗಡಿನ ಪತ್ರಾಸ ಹೊದಿಸಿ ಮನಿ ಮಾಡ್ಕೊಂಡ್ವಿ. ಮಾಲಕ ಚೊಲೋ ಮನಶ್ಯಾ. ಆದ್ರ ಊರವ್ರು ಕೂಡಿ ಬ್ಯಾಡ ಅಂದ್ರು. ಒಂದಿನ ಮುಂಜಾನೆ ಮನಿ ಕೆಡವೋ ಯಂತ್ರ ಬಂತು. ಮಾಲಕ ಅಡ್ಡ ನಿಂತು, ಇದು ನನ್ನ ಜಾಗಾ, ನಾ ಕರದೇನಿ ಅಂದ. ಯಾರ ಕೇಳತಾರ? ನನ್ನ ಹೇಣ್ತಿ ಒಲಿ ಮ್ಯಾಲಿನ ಅನ್ನದ ಬೋಗಾಣಿ ಹಂಗ ಹಿಡಕೊಂಡು ಹೊರಗ ಬಂದ್ಲು. ಅವತ್ತ ತಿಳಕೊಂಡ್ನಿ. ಕರದಾಂವನ ಮಾತ ನಡ್ಯಾಂಗಿಲ್ಲ, ಊರ ಮಾತ ನಡೀತೈತಿ. ನನಗ ಒಂದ ನ್ಯಾಯ, ಇವ್ರಿಗೆ ಬ್ಯಾರೆ ನ್ಯಾಯ ಯಾಕ?"

ಸಾಹೇಬರು ಎದ್ದು ಪ್ಯಾಂಟಿನ ಮಣ್ಣು ಝಾಡಿಸಿಕೊಂಡರು. ಅನುಭವಿಸಿದವನು ಮೆತ್ತಗಾಗುತ್ತಾನೆ ಎಂದು ನಾವು ಸುಮ್ಮನೆ ನಂಬಿಕೊಂಡಿರುತ್ತೇವೆ. ಬಾಳಪ್ಪ ಅನುಭವಿಸಿ ಗಟ್ಟಿಯಾಗಿದ್ದ. ತಿರುಗಿ ಬರುವಾಗ ಸಾಹೇಬರು ಹಿಂದಿನಿಂದ ಹೇಳಿದರು: "ಈರಣ್ಣ, ಅವತ್ತ ನಿನಗ ಅರ್ಧಾ ಹೇಳಿದ್ನಿ. ಆ ಪಂಥದವ್ರ ಒಳಗೂ ಇದ ಜಗಳ ಐತಿ. ಕರಿಯೋ ಹಕ್ಕ ದೊಡ್ಡದು, ಗಡಿ ತೆರೀರಿ ಅಂತ ಒಂದ ಕಡಿಯವ್ರು. ದಾರಿ ಯಾರದೋ ಅವ್ರು ಬ್ಯಾಡ ಅನ್ನೋ ಹಕ್ಕೂ ಅಷ್ಟ ದೊಡ್ಡದು ಅಂತ ಇನ್ನೊಂದ ಕಡಿಯವ್ರು. ಇಬ್ರೂ ಭಾಳ ಶಾಣ್ಯಾರ. ಇನ್ನೂ ಮುಗದಿಲ್ಲ."

"ಅಲ್ಲೀತನಕ ಗಂಗವ್ವನ ಕಬ್ಬಿಂದು ಏನ್ ಮಾಡೂದ್ರಿ?" ಅಂದೆ.

ಗಂಗವ್ವ ಕಾಯುವವಳಲ್ಲ. ನನ್ನನ್ನು ಗದರಿಸಿ ಚೀಟಿ ತೆಗೆದುಕೊಂಡಳು. ಗ್ಯಾಂಗಿನವರು ಊರ ಕಡೆಗೆ ಕಾಲುವೆ ದಂಡೆ ಹಿಡಿದು ಸುತ್ತು ಹಾಕಿ ಹೋಗಿ ಬರುತ್ತಿದ್ದರು, ಕಡಿಯುತ್ತಿದ್ದರು. ಆದರೆ ಕಬ್ಬು ಒಯ್ಯುವ ಟ್ರ್ಯಾಕ್ಟರ್ ಅವರದೇ, ಅದು ಕಾಲುವೆ ದಂಡೆಯ ಮೇಲೆ ಬರುವುದಿಲ್ಲ. ಕಡಿದ ಕಬ್ಬು ಹೊಲದಲ್ಲೇ ಹೊರೆಹೊರೆಯಾಗಿ ಬಿತ್ತು. ಬಿಸಿಲಿಗೆ ಬಿದ್ದ ಕಬ್ಬು ದಿನ ಹೋದ ಹಾಗೆ ಹಗುರಾಗುತ್ತದೆ, ಕಡೆಗೆ ಒಲೆಗೆ ಹಾಕಲಷ್ಟೇ ಬರುತ್ತದೆ. ರುಕ್ಮಾ ಹೊರೆಗಳ ಮೇಲೆ ರವದಿ, ಅಂದರೆ ಕಬ್ಬಿನ ಒಣ ಎಲೆ, ಮುಚ್ಚುತ್ತಾ, "ನಮ್ಮ ಸಲವಾಗಿ ಗಂಗವ್ವ ಬಾಯಿಯವ್ರ ಕಬ್ಬ ಹಾಳಾಗೂದು ಬ್ಯಾಡ. ನಾವ ಹೋಗತೇವಿ ಸಾಹೇಬ್ರ, ಆಗ ಅವ್ರು ಮುಳ್ಳ ತಗೀತಾರ," ಅಂದಳು. ಗಂಗವ್ವ ಅವಳಿಗೂ ಬೈದಳು. ಆದರೆ ಸಂಜೆ ನಾನು ಹೊರಟಾಗ ಒಣಗುತ್ತಿರುವ ಗಳವನ್ನು ಕೈಯಲ್ಲಿ ಹಿಡಿದು ಮುರಿದು ನೋಡುತ್ತಾ ನಿಂತಿದ್ದಳು. ಇನ್ನು ಬಹಳ ದಿನ ತಡೆಯುವುದು ಅವಳಿಂದಲೂ ಆಗುವುದಿಲ್ಲ ಅನ್ನುವುದು ಕಾಣುತ್ತಿತ್ತು.

ಅಷ್ಟರಲ್ಲಿ ಎಳ್ಳ ಅಮವಾಸ್ಯೆ ಬಂತು. ಬೇರೆ ಕಡೆಯಿಂದ ಬಂದ ಹುಡುಗರಿಗಾಗಿ ಹೇಳುತ್ತೇನೆ. ಅವತ್ತು ನಮ್ಮ ಕಡೆ ಯಾರೂ ಕೆಲಸ ಮಾಡುವುದಿಲ್ಲ. ಮನೆಮಂದಿಯೆಲ್ಲ ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ, ಮೊಸರನ್ನ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲಿಗೆ ಸುಣ್ಣ ಬಳಿದು, ಪಾಂಡವರೆಂದು ಪೂಜೆ ಮಾಡಿ, ಅಡಿಗೆಯನ್ನು ಕಲಸಿ ಹೊಲದ ಸುತ್ತ ಬದುವಿನ ಗುಂಟ ಕೂಗುತ್ತಾ ಚೆಲ್ಲುತ್ತಾರೆ. ಇದೇ ಚರಗ. ಚೆಲ್ಲುವವನು ನಡುವೆ ನಿಲ್ಲಬಾರದು, ತಿರುಗಬಾರದು. ಅವನ ಹಿಂದೆ ಒಬ್ಬರು ನೀರು ಹಾಕುತ್ತಾ ಬರುತ್ತಾರೆ. ಆಮೇಲೆ ಅಕ್ಕಪಕ್ಕದ ಹೊಲದವರನ್ನು ಕೂಗಿ ಕರೆಯುತ್ತಾರೆ. ಕರೆದ ಮೇಲೆ ಹೋಗಿ ಒಂದು ತುತ್ತಾದರೂ ತಿನ್ನಲೇಬೇಕು, ಉಂಡವರು ತಿರುಗಿ ಅವರನ್ನು ತಮ್ಮ ಹೊಲಕ್ಕೆ ಕರೆಯಲೇಬೇಕು. ಫೀಲ್ಡಮನ್ ಆದವನಿಗೆ ಅವತ್ತು ಎಲ್ಲ ಹೊಲದಲ್ಲೂ ಕರೆ. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಹೊರಡುವುದನ್ನು ಮರೆಯಬೇಡಿ.

ನಾನು ಗಂಗವ್ವನ ಹೊಲಕ್ಕೆ ಕಾಲುವೆ ದಂಡೆಯಿಂದಲೇ ಹೋದೆ. ಅಲ್ಲಿ ನೋಡಿದರೆ ಗುಡಿಸಲುಗಳ ಮುಂದೆಯೂ ಐದು ಕಲ್ಲು, ಸುಣ್ಣ, ಹೂವು! ಲಾತೂರಿನವರಿಗೂ ಅದೇ ದಿನ ಅದೇ ಹಬ್ಬವಂತೆ, ಹೆಸರಷ್ಟೇ ಸ್ವಲ್ಪ ಬೇರೆ. ರುಕ್ಮಾ ಜೋಳದ ಅಂಬಲಿ ಕಾಸಿ ಮಜ್ಜಿಗೆ ಬೆರೆಸಿದ್ದಳು. ಕಾಳು ಸೊಪ್ಪು ಕೂಡಿಸಿದ ಭಜ್ಜಿ ಎಂಬ ಪಲ್ಯ ಮಾಡಿದ್ದಳು. "ಊರಾಗ ನಮಗ ಹೊಲಿಲ್ಲ. ಮಂದಿ ಹೊಲದಾಗ ನಿಂತು ನೋಡತಿದ್ವಿ," ಅಂದಳು. ಗಂಗವ್ವ ಚರಗದ ಬುಟ್ಟಿ ತಂದು ದಗಡೂನ ಕೈಗೆ ಕೊಟ್ಟಳು. "ಪ್ರತಿ ವರ್ಷ ಚೆಲ್ಲಾಂವ ಈ ವರ್ಷ ಮುಳ್ಳ ಹಚ್ಯಾನ. ನೀ ಚೆಲ್ಲಪಾ," ಅಂದಳು. ಮಾತು ಗಟ್ಟಿಯಾಗಿಯೇ ಬಂತು, ಕಣ್ಣು ಮಾತ್ರ ತುಂಬಿದ್ದವು.

ದಗಡೂ ತನ್ನ ಭಾಷೆಯಲ್ಲಿ ಕೂಗುತ್ತಾ ಚೆಲ್ಲುತ್ತಾ ಹೊರಟ. ಆ ಮೌನಿಯ ಗಂಟಲು ಅಷ್ಟು ದೊಡ್ಡದೆಂದು ನನಗೆ ಅವತ್ತೇ ಗೊತ್ತಾದದ್ದು. ಹಿಂದೆ ತಂಬಿಗೆ ಹಿಡಿದು ರುಕ್ಮಾ. ಎರಡು ಹೊಲದ ನಡುವಿನ ಬದುವಿಗೆ ತಿರುಗಿದಾಗ, ಅದೇ ಬದುವಿನ ಆ ತುದಿಯಿಂದ ಬಾಳಪ್ಪ ಕೂಗುತ್ತಾ ಚೆಲ್ಲುತ್ತಾ ಬರುತ್ತಿದ್ದ. ಅವನ ಹಿಂದೆ ಅವನ ಹೆಂಡತಿ ಶಾಂತವ್ವ, ಕೈಯಲ್ಲಿ ನೀರಿನ ತಂಬಿಗೆ. ನಾನು ಎದ್ದು ನಿಂತೆ. ಗಂಗವ್ವ ನನ್ನ ತೋಳು ಹಿಡಿದಳು.

ಆ ಬದು ಇದ್ದದ್ದೇ ಒಂದು ಹೆಜ್ಜೆಯಷ್ಟು ಅಗಲ. ಇಬ್ಬರೂ ಎದುರಾದರು. ಇಬ್ಬರೂ ನಿಲ್ಲುವಂತಿಲ್ಲ, ತಿರುಗುವಂತಿಲ್ಲ. ಒಬ್ಬರು ಕೆಳಗೆ ಇಳಿಯಲೇಬೇಕು. ದಗಡೂ ತನ್ನ ಎಡಕ್ಕೆ ಇಳಿದ, ಅದು ಬಾಳಪ್ಪನ ಹೊಲ. ಅದೇ ಹೊತ್ತಿಗೆ ಬಾಳಪ್ಪನೂ ತನ್ನ ಎಡಕ್ಕೆ ಇಳಿದ, ಅದು ಗಂಗವ್ವನ ಹೊಲ. ಬೇಕೆಂದು ಮಾಡಿದ್ದಲ್ಲ. ಬಲಗೈಯಲ್ಲಿ ಚೆಲ್ಲುವವನಿಗೆ ಎಡಗಾಲು ತಾನಾಗಿ ಸರಿಯುತ್ತದೆ. ಮುಳ್ಳು ಒಟ್ಟಿದವನು ಕರೆಯದೆ ಗಂಗವ್ವನ ಹೊಲದೊಳಗೆ ಕಾಲಿಟ್ಟಿದ್ದ, ಬರಬೇಡ ಅನ್ನಿಸಿಕೊಂಡವನು ಅವನ ಹೊಲದಲ್ಲಿ.

ಆಗ ರುಕ್ಮಾ ಸೆರಗು ಹೊದ್ದು, "ಬರ್ರಿ ಅಣ್ಣಾ. ಬರ್ರಿ ವೈನಿ. ಊಟಕ್ಕ ಬರ್ರಿ," ಅಂದಳು.

ಬಾಳಪ್ಪನ ಮುಖ ಕೆಂಪೇರಿತು. ಬದು ಹತ್ತಲು ಕಾಲೆತ್ತಿದ. ಹಿಂದಿನಿಂದ ಶಾಂತವ್ವ ಸಣ್ಣ ದನಿಯಲ್ಲಿ, "ಕರದಾರ," ಅಂದಳು. ಅವನು ಕೇಳಿಸದವನಂತೆ ಬದು ಹತ್ತಿದ. "ನಮ್ಮನ್ನ ಒಬ್ರರ ಹಿಂಗ ಕರದಿದ್ರ..." ಅಂದವಳು ಪೂರ್ತಿ ಮಾಡಲಿಲ್ಲ. ತಾನೇ ಮುಂದಾಗಿ ಗುಡಿಸಲ ಕಡೆ ನಡೆದಳು. ಒಲೆಯ ಮೇಲಿನ ಬೋಗಾಣಿ ಹಿಡಿದು ಹೊರಬಂದವಳು ಇವಳೇ ಎಂಬುದು ನನಗೆ ಆಗ ನೆನಪಾಯಿತು. ಬಾಳಪ್ಪ ಸುತ್ತು ಪೂರ್ತಿ ಮಾಡಿ, ಬುಟ್ಟಿ ಇಟ್ಟು, ಹೆಂಡತಿಯ ಹಿಂದೆ ಬಂದ.

ಉಂಡರು. ಬಾಳಪ್ಪ ತಲೆ ಎತ್ತದೆ ಉಂಡ. ಕಡೆಗೆ, "ಭಜ್ಜಿಗಿ ಉಪ್ಪ ಕಡಿಮಿ ಆಗೇತಿ," ಅಂದ. ರುಕ್ಮಾ ಓಡಿ ಹೋಗಿ ಉಪ್ಪು ತಂದಳು. ಗಂಗವ್ವ, "ಮಂದಿ ಮನಿ ಉಪ್ಪ ತಿಂದು ಮಾತಾಡು," ಅಂತ ಶುರು ಮಾಡಿದಳು. ನಾನು ಅವಳತ್ತ ಕಣ್ಣು ಬಿಟ್ಟೆ, ಸುಮ್ಮನಾದಳು. ಅವಳು ನನ್ನ ಮಾತು ಕೇಳಿದ್ದು ಅದೊಂದೇ ಸಲ.

ಕೈ ತೊಳೆದ ಮೇಲೆ ಶಾಂತವ್ವ ಗಂಡನಿಗೆ ಹೇಳಿದಳು: "ಉಂಡೀವಿ. ಈಗ ಇವ್ರನ್ನ ನಮ್ಮ ಹೊಲಕ್ಕ ಕರೀಬೇಕು. ಹೆಣ್ಣಮಕ್ಕಳು, ಕೂಸುಗೊಳು ಅದಾವ. ಬದು ಜಿಗಿದ ಬರಬೇಕೋ, ಕಾಲುವಿ ಸುತ್ತಿ ಬರಬೇಕೋ, ದಾರಿಲೆ ಬರಬೇಕೋ, ನೀವ ಹೇಳ್ರಿ."

ಬಾಳಪ್ಪ ಕೈ ಒರೆಸಿಕೊಂಡ. ಆಮೇಲೆ ಎದ್ದು ಹೋದ. ನಾವೆಲ್ಲ ನೋಡುತ್ತಿದ್ದೆವು. ಒಂದು ಕವೆಗೋಲು ತೆಗೆದುಕೊಂಡು, ಜಾಲಿ ಕಂಟಿಯನ್ನು ಒಂದೊಂದಾಗಿ ಎತ್ತಿ ದಾರಿಯ ಬದಿಗೆ ಹಾಕಿದ. ನಾನು ಸಹಾಯಕ್ಕೆ ಹೋದರೆ, "ಬ್ಯಾಡ್ರಿ, ಹಚ್ಚಿದಾಂವ ನಾನು," ಅಂದ. ಮುಗಿದ ಮೇಲೆ ದಾರಿಯ ನಡುವೆ ನಿಂತು ಗುಡಿಸಲ ಕಡೆ ಕೂಗಿದ: "ಬರ್ರಿ ಊಟಕ್ಕ!" ಗ್ಯಾಂಗಿನವರೆಲ್ಲ ಗಾಡಿ ದಾರಿಯಲ್ಲಿ ನಡೆದು ಅವನ ಹೊಲಕ್ಕೆ ಹೋಗಿ ಹೋಳಿಗೆ ತಿಂದರು. ಮರುದಿನ ಅದೇ ದಾರಿಯಲ್ಲಿ ಟ್ರ್ಯಾಕ್ಟರ್ ಬಂತು. ಗಂಗವ್ವನ ಕಬ್ಬು ಸ್ವಲ್ಪ ಸೊರಗಿತ್ತು, ಆದರೆ ಕಾರ್ಖಾನೆ ಸೇರಿತು.

ದೇಸಾಯಿ ಸಾಹೇಬರಿಗೆ ಎಲ್ಲ ಹೇಳಿದಾಗ ಅವರು ಗಟ್ಟಿಯಾಗಿ ನಕ್ಕರು. ಆ ಪಂಥದ ಯಾವ ಕಡೆ ಗೆದ್ದಿತು ಎಂದು ಕೇಳಿದೆ. "ಯಾವುದೂ ಇಲ್ಲ, ಬಾಳಪ್ಪನ ಹಕ್ಕ ಬಾಳಪ್ಪನ ಹತ್ರನ ಐತಿ. ಅಂವ ಬರ್ರಿ ಅಂದ, ಅಷ್ಟ," ಅಂದರು. ನನಗೆ ಆ ಅಷ್ಟೇ ಎಂಬುದು ಬಹಳ ದೊಡ್ಡದಾಗಿ ಕಾಣುತ್ತದೆ. ಕಲ್ಲವ್ವನ ಭಯ ಪೂರ್ತಿ ಸುಳ್ಳಾಗಲಿಲ್ಲ ಎಂಬುದನ್ನೂ ಹೇಳಬೇಕು. ಆ ಮಳೆಗಾಲ ಗಂಗವ್ವನ ಹೊಲದಲ್ಲಿ ಅವಳಿಗೆ ಕೂಲಿ ಕಡಿಮೆಯೇ ಸಿಕ್ಕಿತು. ಮುಂದೆ ಉಳ್ಳಾಗಡ್ಡಿ ಹೆಚ್ಚು ಹಾಕಿದಾಗ ಅವಳಿಗೂ ರುಕ್ಮಾಳಿಗೂ ಕೈತುಂಬ ಕೆಲಸವಾಯಿತು. ಕಲ್ಲವ್ವ ರುಕ್ಮಾಳನ್ನು ಒಳಗೊಳಗೇ ಇನ್ನೂ ಪೂರ್ತಿ ಕ್ಷಮಿಸಿಲ್ಲ. ಅದು ಅವಳ ಹಕ್ಕು.

ಮುಳ್ಳಿನ ಕಂಟಿ ದಾರಿಯ ಬದಿಗೆ ಹಾಗೇ ಬಿದ್ದಿತ್ತು. ಹಂಗಾಮು ಮುಗಿದು ಉಳಿದವರೆಲ್ಲ ಲಾತೂರಿಗೆ ಹೊರಟ ದಿನ ರುಕ್ಮಾ ಬಾಳಪ್ಪನಲ್ಲಿಗೆ ಹೋಗಿ, "ಅಣ್ಣಾ, ಆ ಮುಳ್ಳು ನಿಮಗ ಬೇಕೇನು? ನನ್ನ ಗುಡಸಲಕ್ಕ ಬೇಲಿ ಹಾಕೋಬೇಕು," ಅಂದಳಂತೆ. "ಒಯ್ಯಬೇ," ಅಂದನಂತೆ ಬಾಳಪ್ಪ. "ಮತ್ತ ಬೇಕಾದ್ರ ಹೊಸಾ ಜಾಲಿ ಕಡದ ಹಚ್ಚತೇನಿ." ಇದುವರೆಗೆ ಹಚ್ಚಿಲ್ಲ.

ನಾನು ನಿವೃತ್ತನಾದ ಮೇಲೆ ಒಂದು ಸಲ ಆ ಕಡೆ ಹೋಗಿದ್ದೆ. ಸೋಗೆಯ ಗುಡಿಸಲು ಹೋಗಿ ಪತ್ರಾಸಿನ ಮನೆಯಾಗಿದೆ. ಸುತ್ತ ಅದೇ ಜಾಲಿಯ ಬೇಲಿ, ಬಿದಿರು ತಟ್ಟಿಯ ಬಾಗಿಲು. ನೌಕರಿಯುದ್ದಕ್ಕೂ ಯಾರ ಹೊಲಕ್ಕೂ ಕೇಳದೇ ನುಗ್ಗಿದವನು ನಾನು. ಅವತ್ತು ತಟ್ಟಿಯ ಹೊರಗೆ ಕಾಲು ತಾನಾಗಿ ನಿಂತಿತು. "ಒಳಗ ಬರಲೇನವಾ?" ಎಂದು ಕೂಗಿದೆ.

ಒಲೆಯ ಮುಂದಿನಿಂದ ಎದ್ದ ರುಕ್ಮಾ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. ತಟ್ಟಿಯ ಮೇಲೆ ಕೈ ಇಟ್ಟು, ನನ್ನನ್ನು ನೋಡಿ, ತೆರೆಯದೆ ಸ್ವಲ್ಪ ಹೊತ್ತು ಹಾಗೇ ನಿಂತಳು. ಅವಳ ಮುಖದಲ್ಲಿದ್ದ ಸಂತೋಷವನ್ನು ನಾನು ಮರೆಯಲಾರೆ.

"ಬರ್ರಿ ಸಾಹೇಬ್ರ," ಅಂದಳು. ಆಮೇಲೆ ಬಾಗಿಲು ಪೂರ್ತಿ ತೆಗೆದು ಇನ್ನೊಮ್ಮೆ ಅಂದಳು, "ಬರ್ರಿ."